ಜುಂಬಲಕ್‌ನ ಪ್ರಾಣಭಿಕ್ಷೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಯಂತ್ರಮಾನವ. ರಂಜಾನಿನ ಇಪ್ಪತ್ತಮೂರನೆಯ ಸಂಜೆ ಕೈರೋ ಊರಿಗೆ ಊರೇ ಉಪವಾಸ ಮುರಿದು ಟೀವಿ ಮುಂದೆ ಕಾಲು ಚಾಚಿ ಕೂತಿದ್ದಾಗ, ‘ಶುಕ್ರಗ್ರಹದ ದಾರಿ’ ಧಾರಾವಾಹಿಯ ಜುಂಬಲಕ್ ತನ್ನ ಕಪ್ತಾನನ ಗಗನನೌಕೆಯನ್ನು ಶತ್ರುಗಳಿಗೆ ಒಪ್ಪಿಸಿಬಿಟ್ಟಿತು. ಶುಬ್ರಾ ಬಡಾವಣೆಯ ವಗ್ದಿ ಸಾಹೇಬರ ಬಾಯಲ್ಲಿದ್ದ ಖರ್ಜೂರ ಗಂಟಲಿಗೆ ಇಳಿಯಲಿಲ್ಲ.

ವಗ್ದಿಯವರು ಭೂದಾಖಲೆ ಕಚೇರಿಯ ಗುಮಾಸ್ತರು, ಐವತ್ತು ದಾಟಿದವರು. ಹಳೆಯ ‘ಶುಕ್ರಗ್ರಹದ ದಾರಿ’ ಬಂದಾಗ ಅವರಿಗೆ ಹದಿನಾಲ್ಕು. ಆಗಿನ ಜುಂಬಲಕ್ ಅಂದರೆ ಬಟ್ಟೆ ಒಗೆಯುವ ಯಂತ್ರದ ಡಬ್ಬಕ್ಕೆ ಒಂದು ತಗಡಿನ ತಲೆ. ಒಳಗಿದ್ದ ನಟ ಸೀನಿದರೆ ಹೊರಗೆ ಕೇಳುತ್ತಿತ್ತು. ಆದರೇನು, ಆ ಡಬ್ಬ ಒಂದು ದಿನವೂ ಸುಳ್ಳು ಹೇಳಲಿಲ್ಲ, ಯಾರ ಕೈಯನ್ನೂ ಬಿಡಲಿಲ್ಲ. ಗೆಳೆಯರಿಲ್ಲದ ಹುಡುಗನಿಗೆ ಅದೇ ಗೆಳೆಯ. ಈ ವರ್ಷ ಅದೇ ಧಾರಾವಾಹಿಯನ್ನು ಹೊಸದಾಗಿ ತೆಗೆಯುತ್ತಾರೆಂದು ಕೇಳಿ ವಗ್ದಿ ಹಬ್ಬದ ಬಟ್ಟೆ ಸಿಕ್ಕವರಂತೆ ಕುಣಿದಿದ್ದರು. ಬಂದದ್ದು ನೋಡಿದರೆ ಬೆಳ್ಳಗೆ, ತೆಳ್ಳಗೆ, ಬ್ಯಾಂಕಿನ ಕೌಂಟರಿನವರಂತೆ ನಯವಾಗಿ ಮಾತಾಡುವ ಒಂದು ಬೊಂಬೆ. ಅದನ್ನೂ ಹೊಟ್ಟೆಗೆ ಹಾಕಿಕೊಂಡಿದ್ದರು. ಈಗ ದ್ರೋಹ ಬೇರೆ. ಮುಂದಿನ ಕಂತಿನಲ್ಲಿ ಅದನ್ನು ಕುಲುಮೆಗೆ ಹಾಕುತ್ತಾರೆಂದು ಪತ್ರಿಕೆಯವರು ಬರೆದಿದ್ದರು.

ಬೆಳಗ್ಗೆ ಅಡುಗೆಮನೆಯಲ್ಲಿ ಹೆಂಡತಿ ಇನ್ಶಿರಾಹಳಿಗೆ ಹೇಳಿದರು: “ನಾನು ಸ್ಟುಡಿಯೋಗೆ ಹೋಗ್ತೀನಿ ಕಣೇ. ನಮ್ಮ ಜುಂಬಲಕ್‌ನ ಸಾಯೋಕೆ ಬಿಡಲ್ಲ.”

“ಆಫೀಸಿಗೆ ಹೋಗೋಕೆ ಉಪವಾಸ ಸುಸ್ತು ಅಂತೀರಿ. ಇದಕ್ಕೆ ಸುಸ್ತಿಲ್ವಾ? ಅಲ್ದೆ ಧಾರಾವಾಹಿ ಈಗಾಗ್ಲೇ ತೆಗೆದು ಮುಗಿಸಿರ್ತಾರೆ.”

“ರಂಜಾನಿನ ಧಾರಾವಾಹಿ ಯಾವತ್ತು ಮೊದಲೇ ಮುಗಿದಿದೆ? ಬೆಳಗ್ಗೆ ತೆಗೀತಾರೆ, ಸಂಜೆ ತೋರಿಸ್ತಾರೆ. ಕೊನೇ ಕಂತುಗಳನ್ನ ಇನ್ನೂ ಬರೆದೇ ಇರಲ್ಲ.”

ಅಡುಗೆಮನೆಯ ಕಿಟಕಿ ಕಟ್ಟಡದ ನಡುವಿನ ಗಾಳಿಬಾವಿಗೆ ತೆರೆದಿತ್ತು. ಅಲ್ಲಿ ಆಡಿದ ಮಾತು ಐದು ಮಹಡಿಗೂ ಸೇರಿದ್ದು. ಕೆಳಗಿನ ಮನೆಯಿಂದ, ಹಜ್ ಮಾಡಿಬಂದ ಹಾಜ್ಜಾ ರತೀಬಾ ಕೂಗಿದರು: “ಉಸ್ತಾಜ್ ಸಾಹೇಬ್ರೇ, ಹೋಗೋದು ಹೋಗ್ತೀರಿ, ಆ ಕಪ್ತಾನನಿಗೂ ಇಂಜಿನಿಯರ್ ಹುಡುಗಿಗೂ ಮದುವೆ ಮಾಡಿಸಿ ಬನ್ನಿ! ಇಪ್ಪತ್ಮೂರು ದಿನದಿಂದ ಬರೀ ಕಣ್ಣಲ್ಲೇ ನೋಡ್ಕೋತಾ ಕೂತಿವೆ!”

ವಗ್ದಿ ಕೆಳಗಿಳಿಯುವಷ್ಟರಲ್ಲಿ ಹಾಜ್ಜಾ ಹಬ್ಬಕ್ಕೆಂದು ಮಾಡಿದ್ದ ಬಿಸ್ಕತ್ತಿನ ಒಂದು ಡಬ್ಬಿಯನ್ನು ಅವರ ಕೈಗೆ ತುರುಕಿದರು, ನಿರ್ದೇಶಕರಿಗೆ ಕೊಡಿ ಎಂದು. ಬಾಗಿಲು ಕಾಯುವ ಸಾಬಿರ್‌ಗೂ ಅಹವಾಲಿತ್ತು.

“ಉಸ್ತಾಜ್, ಆ ನೌಕೇಲಿ ನಮ್ಮ ದಕ್ಷಿಣದ ಕಡೆಯೋರು ಒಬ್ರೂ ಇಲ್ಲ. ಒಬ್ಬನ್ನ ಹಾಕ್ಸಿ. ಆದ್ರೆ ಬಾಗಿಲು ಕಾಯೋಕೆ ಹಾಕ್ಬೇಡಿ ಅಂತ ಹೇಳಿ.”

ಎರಡು ಬಸ್ಸು ಬದಲಿಸಿ, ಬೆವರಿ, ನಾಲಿಗೆ ಒಣಗಿ ವಗ್ದಿ ಸ್ಟುಡಿಯೋ ಮುಟ್ಟಿದರು. ಬಾಗಿಲಲ್ಲಿದ್ದವನು ಅವರ ನರೆತ ಮೀಸೆ ನೋಡಿದ್ದೇ ಹಣೆ ಹಣೆ ಚಚ್ಚಿಕೊಂಡ.

“ಆರು ಜನ ಹಿರಿಯರು ಬೇಕು ಅಂದ್ರೆ ಐದೇ ಜನ ಬಂದಿದಾರೆ. ಈಗ ಬರ್ತಿದೀರಲ್ಲ ಮಾರಾಯ್ರೇ! ನಡೀರಿ ಒಳಗೆ!”

“ಅಲ್ಲಪ್ಪಾ, ನಾನು ದೂರು...”

“ದೂರನೋ ಹತ್ರನೋ, ನಡೀರಿ!”

ಬಿಸ್ಕತ್ತಿನ ಡಬ್ಬಿಯನ್ನು ಅವನು ಸಂಜೆಗೆಂದು ಎತ್ತಿಟ್ಟುಕೊಂಡ. ವಗ್ದಿಯವರ ತಲೆಯ ಮೇಲಿಂದ ಬೆಳ್ಳಿಬಣ್ಣದ ನಿಲುವಂಗಿಯೊಂದು ಇಳಿಯಿತು. ಕಣ್ಣು ಬಿಟ್ಟರೆ ಶುಕ್ರಗ್ರಹದ ನ್ಯಾಯಸಭೆ. ಐವರು ಮುದುಕರ ಪಕ್ಕದಲ್ಲಿ ತಾವು ಆರನೆಯವರು. ಎದುರಿಗೆ ಸರಪಳಿ ಬಿಗಿದ ಜುಂಬಲಕ್. ನಿದ್ದೆಗೆಟ್ಟ ನಿರ್ದೇಶಕ ನಿಹಾದ್, ಗಂಟಲು ಹರಿದುಹೋದ ದನಿಯಲ್ಲಿ “ನಡೀಲಿ!” ಎಂದ. ಕ್ಯಾಮೆರಾ ಓಡತೊಡಗಿತು. ಇದಕ್ಕಿಂತ ಒಳ್ಳೆಯ ಸಮಯ ಸಿಗಲಾರದೆಂದು ವಗ್ದಿ ಎದ್ದು ನಿಂತರು.

“ಇದು ಜುಂಬಲಕ್ಕೇ ಅಲ್ಲ! ಹುಡುಗನಾಗಿದ್ದಾಗಿಂದ ನಾನು ಅವನನ್ನ ಬಲ್ಲೆ. ಸಾಯ್ತಾನೇ ಹೊರತು ದ್ರೋಹ ಮಾಡೋನಲ್ಲ! ಇದ್ಯಾವುದೋ ನಕಲಿ! ಈ ತಗಡನ್ನ ಕುಲುಮೆಗೆ ಹಾಕಿ, ನಮ್ಮ ಜುಂಬಲಕ್‌ನ ನಮಗೆ ವಾಪಸ್ ಕೊಡಿ!”

ಕೊನೆಯ ಮಾತಿಗೆ ದನಿ ಒಡೆಯಿತು. ಮೂಲೆಯಲ್ಲಿ ಪೆನ್ನು ಕಚ್ಚುತ್ತ ಕೂತಿದ್ದ ಕತೆಗಾರ ದಿಢೀರನೆ ಗೀಚತೊಡಗಿದ. ನಿಹಾದ್ ಓಡಿಬಂದು ವಗ್ದಿಯವರನ್ನು ತಬ್ಬಿಕೊಂಡ.

“ಉಸ್ತಾಜ್, ಎರಡು ದಿನದಿಂದ ಕತೆ ಇಲ್ಲೇ ಸಿಕ್ಕಿ ಬಿದ್ದಿತ್ತು. ನೀವು ದಾರಿ ತೋರಿಸಿಬಿಟ್ರಿ!”

“ಹಾಗಾದ್ರೆ ಜುಂಬಲಕ್...?”

“ಅವನ ಹೆಸರಿಗೆ ಒಂದು ಚೂರೂ ಕಳಂಕ ಉಳಿಯಲ್ಲ. ಇದು ನನ್ನ ಮಾತು.”

ವಗ್ದಿ ಹಿಗ್ಗಿ ಹೀರೇಕಾಯಿಯಾದರು. ಮರಳುವ ಬಸ್ಸಿನಲ್ಲಿ ಬಾಯಾರಿಕೆಯೇ ನೆನಪಾಗಲಿಲ್ಲ. ಮನೆಗೆ ಬಂದವರೇ ಗಾಳಿಬಾವಿಯ ಕಿಟಕಿಗೆ ಬಾಯಿಟ್ಟು ಸಾರಿದರು: “ಗೆದ್ದೆ! ಇವತ್ತು ಎಲ್ಲರೂ ನೋಡಿ!”

ಸೂರ್ಯ ಮುಳುಗಿ, ಊಟ ಮುಗಿದು, ಕಟ್ಟಡದವರೆಲ್ಲ ಹಾಜ್ಜಾ ರತೀಬಾ ಮನೆಯ ದೊಡ್ಡ ಟೀವಿ ಮುಂದೆ ಸೇರಿದರು. ಪಾಕದಲ್ಲಿ ಅದ್ದಿದ ಕತಾಯೆಫ್ ಕೈಯಿಂದ ಕೈಗೆ ದಾಟುತ್ತಿತ್ತು. ಪರದೆಯ ಮೇಲೆ ಬೆಳ್ಳಿ ನಿಲುವಂಗಿಯ ವಗ್ದಿ ಕಂಡದ್ದೇ ತಡ, ಹೆಂಗಸರು ಮದುವೆಮನೆಯಲ್ಲಿ ಮಾಡುವ ಹಾಗೆ ನಾಲಿಗೆ ಆಡಿಸಿ ಕೇಕೆ ಹಾಕಿದರು. ಇನ್ಶಿರಾಹ ತಲೆವಸ್ತ್ರ ಸರಿಮಾಡಿಕೊಂಡು ಸುತ್ತ ನೋಡಿದಳು.

“ಈ ತಗಡನ್ನ ಕುಲುಮೆಗೆ ಹಾಕಿ!” ಎಂದರು ಟೀವಿಯ ವಗ್ದಿ. ಅಷ್ಟೇ. ಹಿಂದಿನ, ಮುಂದಿನ ಮಾತನ್ನೆಲ್ಲ ಕತ್ತರಿಸಿ ಎಸೆದಿದ್ದರು.

“ಹಿರಿಯರು ತೀರ್ಪು ಕೊಟ್ಟರು,” ಎಂದ ಕಪ್ತಾನ, ಕಲ್ಲಿನ ಮುಖ ಮಾಡಿ.

ಜುಂಬಲಕ್ ಒಂದು ಮಾತೂ ಆಡದೆ ತಾನೇ ನಡೆದು ಬೆಂಕಿಗೆ ಇಳಿಯಿತು. ಅದು ಕರಗಿದ ಮೇಲೆ ಶತ್ರುಗಳ ಗುಟ್ಟಿನ ಪತ್ರವೊಂದು ಕಪ್ತಾನನ ಕೈಗೆ ಸಿಕ್ಕಿತು. ನೌಕೆ ಸಿಗದಿದ್ದರೆ ಅವನನ್ನು ಕೊಲ್ಲಲು ಅವರು ಹೊಂಚು ಹಾಕಿದ್ದರು. ಅವನ ಜೀವ ಉಳಿಸಲೆಂದೇ ಜುಂಬಲಕ್ ನೌಕೆಯನ್ನು ಒಪ್ಪಿಸಿ, ದ್ರೋಹಿಯೆಂಬ ಹೆಸರು ಹೊತ್ತುಕೊಂಡು ಬಾಯಿ ಮುಚ್ಚಿಕೊಂಡಿತ್ತು. ಅದು ನಕಲಿಯಲ್ಲ, ಅಪ್ಪಟ ಜುಂಬಲಕ್. ಕಂತು ಮುಗಿಯಿತು.

ಇಡೀ ಕೋಣೆ ವಗ್ದಿಯವರ ಕಡೆ ತಿರುಗಿತು.

“ಅಯ್ಯೋ ಪಾಪಿ!” ಹಾಜ್ಜಾ ವಗ್ದಿಯವರ ಮುಂದಿನ ತಟ್ಟೆಯನ್ನು ಕಸಿದುಕೊಂಡರು. “ಬದುಕಿಸ್ತೀನಿ ಅಂತ ನನ್ನ ಬಿಸ್ಕತ್ತೂ ಹೊತ್ಕೊಂಡು ಹೋಗಿ ಕೊಂದು ಬಂದ್ರಲ್ಲ!”

“ಅದೂ ಅಮಾಯಕನ್ನ,” ಎಂದ ಸಾಬಿರ್.

ಇಪ್ಪತ್ತಮೂರು ದಿನ ಸಹಿಸಿಕೊಂಡ ಧಾರಾವಾಹಿ ಇವತ್ತು ವಗ್ದಿಯವರ ಎದೆಯನ್ನೇ ಹಿಂಡಿತ್ತು. ಹದಿನಾಲ್ಕರ ಹುಡುಗನಿಗಿದ್ದ ಜುಂಬಲಕ್ ಕೊನೆಗೂ ಸಿಕ್ಕಿದ್ದ, ಬೆಂಕಿಗೆ ಇಳಿಯುವ ಹೊತ್ತಿನಲ್ಲಿ. ದುಃಖದ ಜೊತೆಗೇ ಒಂದು ಬಗೆಯ ತೃಪ್ತಿಯೂ ಉಕ್ಕಿ, ಅವರು ಎಲ್ಲರ ನಡುವೆ ಬಿಕ್ಕಿ ಬಿಕ್ಕಿ ಅತ್ತರು.

ಹಾಜ್ಜಾ ರತೀಬಾ ಟೀವಿ ಆರಿಸಿದರು.

“ಸಾಕು ಮಾಡಿ ಉಸ್ತಾಜ್. ಇಲ್ಲಿ ಕ್ಯಾಮೆರಾ ಇಲ್ಲ.”