ಮೇಲಿನ ಬರ್ತು ದೇವರಿಗೆ

"ಹಡಗಿನ ಕೋಣಿ ಬೆಂಕಿಪೊಟ್ಟಣದಷ್ಟೇ ಇರ್ಲಿ, ಅದ್ರಾಗ ನಾನು ಸಂಸಾರ ಹೂಡಿ ತೋರಿಸ್ತೀನಿ!" ಎಂದು ಯರ್ರಿಸ್ವಾಮಿ ಕೂಡ್ಲಿಗಿಯ ತನ್ನ ಮನೆಯ ಪಡಸಾಲೆಯಲ್ಲಿ ನಿಂತು ಘೋಷಿಸಿದ. ಅಲ್ಲಿಂದ ಸಮುದ್ರ ನೂರಾರು ಮೈಲಿ ದೂರ. ಅವನು ಹುಟ್ಟಿದಾಗಿನಿಂದ ನೋಡಿದ ಅತಿ ದೊಡ್ಡ ನೀರೆಂದರೆ ಹೊಸಪೇಟೆಯ ಡ್ಯಾಮು. ಆದರೆ ಯರ್ರಿಸ್ವಾಮಿಯ ಆತ್ಮವಿಶ್ವಾಸಕ್ಕೆ ನೀರಿನ ಹಂಗಿರಲಿಲ್ಲ!

ಅವನು ಸೊಸೈಟಿಯ ಗೊಬ್ಬರದ ಗೋದಾಮು ನೋಡಿಕೊಳ್ಳುವವನು. ಐನೂರು ಚೀಲದ ಗೋದಾಮಿನಲ್ಲಿ ಆರುನೂರು ಚೀಲ ಒಟ್ಟಿ, ಅದರ ನೆತ್ತಿಯ ಮೇಲೆ ತನ್ನ ಮಧ್ಯಾಹ್ನದ ನಿದ್ದೆಗೂ ಜಾಗ ಉಳಿಸಿಕೊಂಡ ಭೂಪ. ಇಂಥವನಿಗೆ ಹಡಗಿನ ಕೋಣೆಯೊಂದು ಲೆಕ್ಕವೇ?

ಹಡಗು ಬಂದದ್ದು ಹೆಂಡತಿ ಗಾಳೆಮ್ಮನ ಭಕ್ತಿಯ ಅತಿರೇಕದಿಂದ. ಎರಡು ಸಾವಿರದ ಮೂರನೇ ಇಸವಿಯ ದೀಪಾವಳಿಗೆ ಅವಳು ಹೊಸಪೇಟೆಯ ಪಾತ್ರೆ ಅಂಗಡಿಯಲ್ಲಿ ಇಡ್ಲಿ ಪಾತ್ರೆ ಕೊಂಡಿದ್ದಳು. ಜೊತೆಗೊಂದು ಲಕ್ಕಿ ಡ್ರಾ ಚೀಟಿ. ಎರಡನೇ ಬಹುಮಾನ ಗ್ರೈಂಡರು. ಅದು ಬರಲೆಂದು ಅವಳು ಹರಕೆ ಹೊತ್ತಳು. ಹರಕೆಯ ಜೋರಿಗೆ ದೇವರು ಕೈ ತಪ್ಪಿ ಮೊದಲನೇ ಬಹುಮಾನವನ್ನೇ ಕೊಟ್ಟುಬಿಟ್ಟ. ದಂಪತಿಗಳಿಗೆ ಕೊಚ್ಚಿಯಿಂದ ದ್ವೀಪಗಳಿಗೆ ಹಡಗಿನ ಪ್ರವಾಸ!

"ಗ್ರೈಂಡರ್ ಕೊಡಪ್ಪಾ ಅಂದ್ರ ಸಮುದ್ರ ಕೊಟ್ಟಾನ ನೋಡ್ರಿ! ಬದಲಿ ಮಾಡಿ ಕೊಡ್ತಾರೇನು, ಕೇಳ್ರಿ."

"ಹುಚ್ಚಿ! ಸಮುದ್ರ ಕೊಟ್ಟು ಯಾರರ ಗ್ರೈಂಡರ್ ತಗೋತಾರೇನ?"

ಅಂದಿನಿಂದ ತಾಲೀಮು ಶುರುವಾಯಿತು. ಅಂಗಡಿಯವರು ಕೊಟ್ಟ ಕಾಗದದಲ್ಲಿದ್ದ ಅಳತೆಯ ಪ್ರಕಾರ ಪಡಸಾಲೆಯಲ್ಲಿ ಸೀಮೆಸುಣ್ಣದಿಂದ ಗೆರೆ ಹೊಡೆದ. ಇದು ಬಾಗಿಲು, ಇದು ಬಚ್ಚಲು, ಇಲ್ಲಿ ಒಂದರ ಮೇಲೊಂದು ಎರಡು ಬರ್ತು. ತಲೆಗೊಂದೇ ಸೂಟ್‌ಕೇಸು. ಬಟ್ಟೆ ಮಡಚುವಂತಿಲ್ಲ, ಸುರುಳಿ ಸುತ್ತಬೇಕು! ಬಾಗಿಲಿಗೆ ನೇತುಹಾಕಲು ಗೊಬ್ಬರದ ಚೀಲದಿಂದ ಸಾಲು ಸಾಲು ಜೇಬಿನ ಚೀಲವೊಂದನ್ನು ಹೊಲಿಸಿದ. ಬಾಚಣಿಗೆಗೆ ಒಂದು ಜೇಬು, ಕನ್ನಡಕಕ್ಕೆ ಒಂದು, ಮಾತ್ರೆಗೆ ಒಂದು. ನಡುವೆ 'ಯೂರಿಯಾ' ಎಂಬ ಅಕ್ಷರ ಉಳಿದದ್ದು ಅವನ ಪ್ರಕಾರ ಅಲಂಕಾರ.

ಅದಕ್ಕಿಂತ ದೊಡ್ಡ ಯೋಜನೆ ಅಯಸ್ಕಾಂತದ್ದು. ಟೆಂಟ್ ಹೌಸಿನ ಓಬಣ್ಣನ ಹತ್ತಿರ ಹೋಗಿ ಒಡೆದ ಸ್ಪೀಕರುಗಳ ಅಯಸ್ಕಾಂತಗಳನ್ನೆಲ್ಲ ಕಿತ್ತು ತಂದ. ಒಂದೊಂದಕ್ಕೂ ತಂತಿಯ ಕೊಕ್ಕೆ ಕಟ್ಟಿದ.

"ಹಡಗಿನ ಗೋಡಿ ಕಬ್ಬಿಣದ್ದು. ಮೊಳಿ ಬಡಿಯಂಗಿಲ್ಲ. ಇದನ್ನ ಹಚ್ಚಿದ್ರ ಗೋಡಿಯೆಲ್ಲ ನಮ್ಮದೇ! ಬೇರೆಯವರು ನೆಲ ಹುಡುಕ್ತಿರ್ತಾರ, ನಮ್ಮ ಸಾಮಾನು ಆಕಾಶದಾಗ ಇರ್ತೈತಿ."

ಗಾಳೆಮ್ಮನೂ ಗೆರೆಯೊಳಗೇ ಇರಬೇಕೆಂದು ಕಟ್ಟಪ್ಪಣೆ. ಅವಳು ಅಡುಗೆಮನೆ ಕಡೆ ಕಾಲಿಟ್ಟಳೋ ಇಲ್ಲವೋ, "ಗೆರಿ ದಾಟಿದಿ! ಸಮುದ್ರಕ್ಕ ಬಿದ್ದಿ!" ಎಂದು ಕೂಗು.

"ಸಮುದ್ರದಾಗ ಸಾರು ಉಕ್ಕಾಕತ್ತೈತಿ, ದಾರಿ ಬಿಡ್ರಿ."

ಗಾಳೆಮ್ಮ ಹಡಗಿಗೆ ಹೋಗುವ ಸುದ್ದಿ ಓಣಿಯಲ್ಲಿ ಹಬ್ಬಿತು. ಮೊದಲು ಬಂದವಳು ಪಕ್ಕದ ಮನೆಯ ಮುದುಕಿ ದ್ಯಾಮಕ್ಕ. ಸೆರಗಿನ ಮರೆಯಲ್ಲಿ ಗಾಜು ಒಡೆದ ಮೈಲಾರಲಿಂಗನ ಪಟ. ಒಡೆದ ಪಟ ಗೋಡೆಗಿರಬಾರದು, ತಿಪ್ಪೆಗೆ ಹಾಕಲು ಯಾರಿಗೂ ಕೈ ಬರುವುದಿಲ್ಲ. ಹಾಗಾಗಿ ಪ್ರತಿ ಮನೆಯ ಅಟ್ಟದ ಮೇಲೂ ಇಂಥ ಕೆಲವು ದೇವರು ನೀರಿನ ದಾರಿ ಕಾಯುತ್ತ ಕೂತಿರುತ್ತಾರೆ.

"ಗಾಳೆವ್ವಾ, ಹೊಳಿಗೆ ಬಿಟ್ರ ದಡಕ್ಕ ಬರ್ತಾನ, ಮಂದಿ ತುಳಿತಾರ. ಸಮುದ್ರಕ್ಕ ಬಿಟ್ರ ಸೀದಾ ತನ್ನ ಮನಿ ಸೇರ್ತಾನ. ನಮ್ಮ ಯಜಮಾನ್ರು ಪೂಜಿ ಮಾಡಿದ ದೇವ್ರು. ಅವನ್ನ ಚಲೋತ್ನಾಗಿ ಕಳಿಸಿದ್ರ ನಾನೂ ನಿಶ್ಚಿಂತಿ."

ಗಾಳೆಮ್ಮ ಪಟವನ್ನು ಎರಡೂ ಕೈಯಿಂದ ತೆಗೆದುಕೊಂಡಳು. "ನನ್ನ ಕೈಯಾರ ಬಿಡ್ತೀನಿ ದ್ಯಾಮಕ್ಕ. ಇದು ನನ್ನ ಮಾತು" ಎಂದಳು. ಮಾತು ಕೊಟ್ಟದ್ದೇ ತಡ, ಯರ್ರಿಸ್ವಾಮಿ ಗೋದಾಮಿಗೆ ಹೋದ ಹೊತ್ತು ನೋಡಿ ಇಡೀ ಓಣಿಯೇ ಬಂತು. ಮುಕ್ಕಾದ ಗಣಪತಿ, ಬಣ್ಣ ಹಾರಿದ ಹುಲಿಗೆಮ್ಮ, ಗೆದ್ದಲು ಹತ್ತಿದ ತಿಮ್ಮಪ್ಪ, ಹಳೇ ಕ್ಯಾಲೆಂಡರಿನ ಲಕ್ಷ್ಮಿಯರು. ಒಬ್ಬರಿಗೆ ಹೂಂ ಎಂದು ಇನ್ನೊಬ್ಬರಿಗೆ ಉಹೂಂ ಎನ್ನುವುದು ಹೇಗೆ? ಹೊರಡುವ ಹಿಂದಿನ ದಿನ ಗಾಳೆಮ್ಮ ಗಂಡನ ಸೂಟ್‌ಕೇಸು ತೆಗೆದು, ಸುರುಳಿಗಳನ್ನೆಲ್ಲ ಅಟ್ಟಕ್ಕೆ ಏರಿಸಿ, ಅಲ್ಲಿ ಬಚ್ಚಿಟ್ಟಿದ್ದ ದೇವರುಗಳನ್ನು ಒಳಗೆ ಇಳಿಸಿದಳು.

ಬಸ್‌ಸ್ಟ್ಯಾಂಡಿನಲ್ಲಿ ಯರ್ರಿಸ್ವಾಮಿ ಸೂಟ್‌ಕೇಸು ಎತ್ತಿ ಒಂದು ಕ್ಷಣ ವಾಲಿದ.

"ಏನೇ ಇದು, ಇಷ್ಟು ಭಾರ?"

"ನೀವೇ ಸುತ್ತಿದ ಸುರುಳಿ ಅಲ್ಲೇನ್ರಿ?"

"ಹೌದೌದು! ಬಿಗಿಯಾಗಿ ಸುತ್ತಿದ್ರ ಗಾಳಿ ಹೋಗ್ತೈತಿ. ಗಾಳಿ ಹೋದ್ರ ತೂಕ ಬರ್ತೈತಿ" ಎಂದು ವಿಜ್ಞಾನ ಹೇಳಿ, ಬಸ್ಸು ಬರುವತನಕ ಅದರ ಮೇಲೆ ಕೂರಲು ಹೋದ.

"ಅದ್ರ ಮ್ಯಾಲೆ ಕುಂದ್ರಬ್ಯಾಡ್ರಿ!" ಎಂದು ಗಾಳೆಮ್ಮ ಕಿರುಚಿದ ರೀತಿಗೆ ಪಕ್ಕದ ಬಸ್ಸಿನ ಕಂಡಕ್ಟರನೂ ಎದ್ದು ನಿಂತ. ಆಮೇಲೆ ಅವಳು ಸೂಟ್‌ಕೇಸನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ತನ್ನ ಕೈಚಳಕಕ್ಕೆ ಹೆಂಡತಿ ಕಡೆಗೂ ತಲೆಬಾಗಿದಳೆಂದು ಯರ್ರಿಸ್ವಾಮಿಯ ಎದೆ ಉಬ್ಬಿತು.

ಹಡಗಿನ ಕೋಣೆ ಸೀಮೆಸುಣ್ಣದ ಗೆರೆಯಷ್ಟೇ ಇತ್ತು. ಯರ್ರಿಸ್ವಾಮಿ ಗೆದ್ದವನಂತೆ ಕೈಚೀಲದಿಂದ ಜೇಬಿನ ಚೀಲ ತೆಗೆದು ಬಚ್ಚಲ ಬಾಗಿಲಿಗೆ ನೇತುಹಾಕಿದ, ಅಯಸ್ಕಾಂತಗಳನ್ನು ಗೋಡೆಗೆ ಹಚ್ಚಿದ. ಟಪ್ ಟಪ್ಪೆಂದು ಕಚ್ಚಿಕೊಂಡವು! "ನೋಡಿದೇನ?" ಎಂದು ಲುಂಗಿಗಾಗಿ ಸೂಟ್‌ಕೇಸು ತೆರೆದ.

ಒಳಗಿಂದ ಮೈಲಾರಲಿಂಗ ಅವನನ್ನೇ ನೋಡುತ್ತಿದ್ದ.

"ಏನೇ ಇದು! ನನ್ನ ಬಟ್ಟಿ ಎಲ್ಲಿ?"

"ಅಟ್ಟದ ಮ್ಯಾಲೆ ಅದಾವ. ಇವ್ರು ಇದ್ದ ಜಾಗದಾಗ" ಎಂದು ಗಾಳೆಮ್ಮ ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. "ದ್ಯಾಮಕ್ಕಗ ಮಾತು ಕೊಟ್ಟೀನ್ರಿ. ನಾಳೆ ನಡುನೀರಾಗ ಬಿಟ್ಟುಬಿಡೂಣು. ಒಂದು ರಾತ್ರಿ ಸುಧಾರಿಸ್ಕೊಳ್ರಿ."

"ಸುಧಾರಿಸ್ಕೊಂತೀನಿ. ಉಟ್ಟುಕೊಳ್ಳಾಕ ಒಂದು ಲುಂಗಿಯಾದ್ರೂ?"

"ಒಂದು ಇಟ್ಟೀನಲ್ಲ. ತಿಮ್ಮಪ್ಪಗ ಸುತ್ತೀನಿ."

ಯರ್ರಿಸ್ವಾಮಿ ತಿಮ್ಮಪ್ಪನ ಕಡೆ ಕೈ ಚಾಚಿದ.

"ದೇವ್ರಿಗೆ ಸುತ್ತಿದ್ದನ್ನ ಬಿಚ್ಚಿ ಉಟ್ಕೋತೀರೇನು?"

ಕೈ ಹಿಂದೆ ಬಂತು. ಆ ಪ್ರವಾಸ ಮುಗಿಯುವತನಕ ಅವನು ಪ್ಯಾಂಟಿನಲ್ಲೇ ಮಲಗಿ ಪ್ಯಾಂಟಿನಲ್ಲೇ ಎದ್ದ.

ಈಗ ಗೋದಾಮಿನ ವಿದ್ಯೆಗೆ ನಿಜವಾದ ಪರೀಕ್ಷೆ! ಗೊಬ್ಬರದ ಚೀಲವನ್ನು ಹೇಗೆ ಬೇಕಾದರೂ ಒಟ್ಟಬಹುದು, ದೇವರನ್ನು ಒಟ್ಟಲಾದೀತೇ? ನೆಲಕ್ಕೆ ಇಡುವಂತಿಲ್ಲ. ಬರ್ತಿನ ಕೆಳಗೆ ಇಟ್ಟರೆ ಅವರ ಮೇಲೆ ನಾವು ಮಲಗಿದಂತಾಯಿತು. ಜೇಬಿನ ಚೀಲವಿರುವುದು ಬಚ್ಚಲ ಬಾಗಿಲಿಗೆ, ಛೇ ಛೇ! ಕೊನೆಗೆ ಉಂಗುರವಿದ್ದ ಪಟಗಳೆಲ್ಲ ಅಯಸ್ಕಾಂತದ ಕೊಕ್ಕೆಗಳಿಗೆ ಏರಿದವು. ಉಂಗುರವಿಲ್ಲದವರು, ಮೂರ್ತಿಗಳು, ಬಟ್ಟೆಯಲ್ಲಿ ಸುತ್ತಿದ ಗಂಟುಗಳು ಮೇಲಿನ ಬರ್ತಿಗೆ. ಅದು ಯರ್ರಿಸ್ವಾಮಿ ತನಗೆಂದು ಆರಿಸಿಟ್ಟುಕೊಂಡಿದ್ದ ಬರ್ತು. ಕೆಳಗಿನದರಲ್ಲಿ ಗಾಳೆಮ್ಮನಿಗೇ ಹೊರಳಲು ಜಾಗವಿಲ್ಲ. ಉಳಿದದ್ದು ನೆಲ. ಮಲಗಿ ಕಾಲು ಚಾಚಲು ನೋಡಿದರೆ ಎದುರಿಗೆ ಹುಲಿಗೆಮ್ಮ. ತಿರುಗಿ ಮಲಗಿದರೆ ಈ ಕಡೆ ಗಣಪತಿ. ಅಡ್ಡ ತಿರುಗಿದರೆ ಲಕ್ಷ್ಮಿಯರ ಸಾಲು! ಕಾಲು ಚಾಚಲು ಒಂದು ದಿಕ್ಕೂ ಉಳಿಯದೆ, ಮೊಣಕಾಲನ್ನು ಗದ್ದಕ್ಕೆ ತಂದು ಮುದುಡಿಕೊಂಡ.

ಬೆಳಗ್ಗೆ ಗಾಳೆಮ್ಮ ಮಿಂದು, ಇಷ್ಟೊಂದು ದೇವರಿಗೆ ಬರೀ ಕೈ ಮುಗಿದರೆ ಹೇಗೆಂದು ಎರಡು ಊದಿನಕಡ್ಡಿ ಹಚ್ಚಿದಳು. ಅಷ್ಟೇ! ಛಾವಣಿಯಲ್ಲಿದ್ದ ಬಿಲ್ಲೆಯೊಂದು ಕೀಂಯ್ಯೋ ಎಂದು ಬೊಬ್ಬೆ ಹೊಡೆಯಿತು. ಹೊರಗೆ ಧಡಧಡ ಬೂಟಿನ ಸದ್ದು. ಬಾಗಿಲು ತೆರೆದುಕೊಂಡಿತು. ಬೆಂಕಿ ನಂದಿಸುವ ಕೆಂಪು ಸಿಲಿಂಡರು ಹಿಡಿದು ನಿಂತವರು ಬಿಳಿ ಉಡುಪಿನ ಅಧಿಕಾರಿ. ಅವರ ಬಾಯಿಂದ ಬೈಗುಳ ಹೊರಟಿತ್ತು, ಗೋಡೆ ನೋಡಿ ಅಲ್ಲೇ ನಿಂತಿತು. ಸಿಲಿಂಡರು ಕೆಳಗಿಟ್ಟು, ಬೂಟು ಬಿಚ್ಚಿ, ಹೊಸ್ತಿಲಲ್ಲೇ ಕೈ ಮುಗಿದರು. ಒಳಗೆ ಬರಲು ಜಾಗವಂತೂ ಇರಲಿಲ್ಲ.

"ಇದು ಎಂಥದ್ದು ಮಾರಾಯ್ರೆ? ಕ್ಯಾಬಿನ್ನೋ, ದೇವಸ್ಥಾನವೋ?" ಎಂದರು. ಮಂಗಳೂರಿನ ಕಡೆಯವರು.

ಕನ್ನಡ ಕೇಳಿ ಗಾಳೆಮ್ಮನಿಗೆ ಹೋದ ಜೀವ ಬಂದಂತಾಯಿತು. "ಯಪ್ಪಾ, ಊದಿನಕಡ್ಡಿ ಆರಿಸ್ತೀನಿ. ಇವ್ರನ್ನೆಲ್ಲ ಸಮುದ್ರಕ್ಕ ಬಿಡಬೇಕಾಗೇತಿ. ಎಲ್ಲಿ ನಿಂತು ಬಿಡ್ಲಿ, ತೋರಿಸ್ರಿ."

"ಅಯ್ಯೋ, ಹಾಗೆಲ್ಲ ಬಿಡ್ಲಿಕ್ಕಿಲ್ಲ ಅಮ್ಮ! ಒಂದು ಕಡ್ಡಿ ಸಹ ಎಸೀಲಿಕ್ಕಿಲ್ಲ. ದ್ವೀಪದಲ್ಲೂ ಇಲ್ಲ. ಅಲ್ಲಿ ಹವಳ ಉಂಟು, ಹಾಳಾಗ್ತದೆ. ನನ್ನ ಕೆಲಸ ಹೋಗ್ತದೆ."

ಗಾಳೆಮ್ಮ ಬರ್ತಿನ ಮೇಲೆ ಕುಸಿದಳು. "ದ್ಯಾಮಕ್ಕಗ ಏನು ಮುಖ ತೋರಿಸ್ಲಿ?" ಎಂದು ಅತ್ತೇಬಿಟ್ಟಳು. ಬೈಯಲೆಂದು ರಾತ್ರಿಯಿಡೀ ಮಾತು ಕೂಡಿಸಿಟ್ಟಿದ್ದ ಯರ್ರಿಸ್ವಾಮಿ ಆ ಅಳು ನೋಡಿ ಅವಳ ಎದುರಿಗೆ ನೆಲದ ಮೇಲೆ ಕೂತ. ಅವಳ ಮೇಲೆ ಅವನಿಗೆ ಪ್ರಾಣ. ಅದನ್ನು ಹೇಳಲು ಬಾರದೆ, "ಅಳಬ್ಯಾಡ ಸುಮ್ನಿರು. ಒಬ್ಬರಿಗೂ ಒಂದು ಗೀರು ಬೀಳದಂಗ ಊರಿಗೆ ಮುಟ್ಟಿಸೋದು ನನ್ನ ಜವಾಬ್ದಾರಿ" ಎಂದ.

ಆ ಮಧ್ಯಾಹ್ನವೇ ಸಮುದ್ರ ಎದ್ದಿತು. ಹಡಗು ಆ ಕಡೆ ವಾಲಿ ಈ ಕಡೆ ವಾಲಿ, ಗೋಡೆಯ ದೇವರೆಲ್ಲ ತಾಳ ಹಾಕತೊಡಗಿದರು. ಓಬಣ್ಣನ ಅಯಸ್ಕಾಂತ ಮಾತ್ರ ಅಲುಗಲಿಲ್ಲ! ಆದರೆ ಮೇಲಿನ ಬರ್ತಿನಿಂದ ಹಸಿರು ಬಟ್ಟೆಯಲ್ಲಿ ಸುತ್ತಿದ ಚಪ್ಪಟೆ ಗಂಟೊಂದು ಜಾರಿ, ನೆಲದಲ್ಲಿ ಮುದುಡಿದ್ದ ಯರ್ರಿಸ್ವಾಮಿಯ ಪಾದದ ಮೇಲೆಯೇ ಬಿತ್ತು.

ದೇವರಿಗೆ ಕಾಲು ತಾಗಿತು!

"ತಪ್ಪಾತಪ್ಪಾ, ತಪ್ಪಾತು!" ಎಂದು ಕಣ್ಣು ಮುಚ್ಚಿ ಎರಡೂ ಕೆನ್ನೆ ಪಟಪಟ ಬಡಿದುಕೊಂಡ. ಗಾಳೆಮ್ಮ ಏನೋ ಹೇಳಲು ಬಾಯಿ ತೆರೆದಳು, ಯಾಕೋ ಮುಚ್ಚಿಕೊಂಡಳು. "ಊರು ಮುಟ್ಟೋತನ ನಿನ್ನ ಎದಿ ಮ್ಯಾಗಿಂದ ಇಳಿಸೋದಿಲ್ಲಪ್ಪಾ" ಎಂದು ಅವನು ಅಲ್ಲೇ ಶಪಥ ಮಾಡಿದ.

ಮಾಡಿದಂತೆ ನಡೆದುಕೊಂಡ ಕೂಡ! ಜನ ದ್ವೀಪದಲ್ಲಿ ಚಿಪ್ಪು ಆರಿಸುತ್ತಿದ್ದರೆ ಯರ್ರಿಸ್ವಾಮಿ ಗಂಟು ಅವಚಿಕೊಂಡು ತೆಂಗಿನ ನೆರಳಲ್ಲಿ ಕೂತಿದ್ದ. ಉಪ್ಪಿಟ್ಟು ಬಂದರೆ ಮೊದಲು ಗಂಟಿಗೆ ತೋರಿಸಿ ಆಮೇಲೆ ಉಂಡ. ಬೆಳಿಗ್ಗೆ ಸಂಜೆ ತಪ್ಪದೆ ಅಡ್ಡಬಿದ್ದ. "ಇಲ್ಲಿ ಕೊಡ್ರಿ, ನಾನು ಸ್ವಲ್ಪ ಹಿಡ್ಕೊಂತೀನಿ" ಎಂದು ಗಾಳೆಮ್ಮ ಕೈ ಚಾಚಿದರೆ, "ಹರಕಿ ನನ್ನದು, ನೀ ಮುಟ್ಟಬ್ಯಾಡ" ಎಂದು ಗದರಿದ. ಕೊಚ್ಚಿ ಬಂದರಿನಲ್ಲಿ ಇಳಿದಾಗ ಅವಳು ಕೊನೆಯ ಆಸೆಯಿಂದ ನೀರು ನೋಡಿದಳು. ಮೇಲೆಲ್ಲ ಎಣ್ಣೆ ತೇಲುತ್ತಿತ್ತು. ಇದರಲ್ಲಿ ಮೈಲಾರಲಿಂಗನನ್ನು ಬಿಡಲು ಅವಳಿಗೆ ಮನಸ್ಸಾಗಲಿಲ್ಲ.

ಕೂಡ್ಲಿಗಿ ಮುಟ್ಟಿದ ಮೇಲೆ ಗಾಳೆಮ್ಮ ಕಾಲೆಳೆಯುತ್ತ ದ್ಯಾಮಕ್ಕನ ಮನೆಗೆ ಹೋದಳು. ಪಟ ಮುಂದಿಟ್ಟು, ನಡೆದದ್ದನ್ನು ನಡೆದಂತೆ ಹೇಳಿ ತಲೆ ತಗ್ಗಿಸಿ ನಿಂತಳು. ಮುದುಕಿ ಪಟದ ಅಂಚು ಸವರಿದಳು.

"ಹಡಗಿನ ಗ್ವಾಡಿಗೆ ಇದ್ದನೇನು?"

"ಇದ್ದ ದ್ಯಾಮಕ್ಕ. ಕಿಟಕಿ ಎದುರಿಗೇ ಹಾಕಿದ್ವಿ."

"ಅಂದ್ರ ಸಮುದ್ರ ನೋಡ್ಯಾನ! ಯಜಮಾನ್ರಿಗೂ ಆಗಲಿಲ್ಲ, ನನಗೂ ಆಗಲಿಲ್ಲ, ನಮ್ಮ ದೇವ್ರರ ನೋಡಿ ಬಂದಾನ. ಇಂಥವನ್ನ ಯಾರರ ನೀರಿಗೆ ಬಿಡ್ತಾರೇನವ್ವ? ಗಾಜು ಹಾಕ್ಸಿ ಗ್ವಾಡಿಗೇ ಇಟ್ಕೊಂತೀನಿ" ಎಂದು ಪಟವನ್ನು ಎದೆಗೆ ಒತ್ತಿಕೊಂಡಳು.

ಆ ಮಾತು ಓಣಿಗೆ ಹಬ್ಬಲು ಎಷ್ಟು ಹೊತ್ತು ಬೇಕು? ಸಂಜೆಯೊಳಗೆ ಹೆಂಗಸರೆಲ್ಲ ತಟ್ಟೆ, ಅರಿಶಿನ ಕುಂಕುಮ ಹಿಡಿದು ಬಂದು, ಪ್ರವಾಸ ಮುಗಿಸಿ ಬಂದ ತಮ್ಮ ತಮ್ಮ ದೇವರನ್ನು ಕರೆದುಕೊಂಡು ಹೋದರು. ಪಡಸಾಲೆ ಖಾಲಿಯಾಯಿತು. ಯರ್ರಿಸ್ವಾಮಿ ಮೀಸೆ ತಿರುವಿದ.

"ನೋಡಿದೇನ? ಒಂದು ಹೆಚ್ಚಿಲ್ಲ, ಒಂದು ಕಡಿಮಿ ಇಲ್ಲ! ಇದಕ್ಕ ಅಂತಾರ ಗೋದಾಮಿನ ಲೆಕ್ಕ!"

"ಮತ್ತ ನಿಮ್ಮ ಎದಿ ಮ್ಯಾಲಿಂದು?"

ಹಸಿರು ಗಂಟು ಇನ್ನೂ ಅವನ ಕೈಯಲ್ಲೇ ಇತ್ತು. ಅದನ್ನು ಯಾರೂ ಕೇಳಿರಲಿಲ್ಲ. ಹೊರಗೆ ಹೋಗಿ ಓಣಿಗೆಲ್ಲ ಕೇಳುವಂತೆ ಕೂಗಿದ. ಊಹೂಂ, ಯಾರದೂ ಅಲ್ಲ. ಕೈ ಕಾಲು ತೊಳೆದು ಬಂದು, ಮತ್ತೊಮ್ಮೆ ಕೆನ್ನೆ ಬಡಿದುಕೊಂಡು, ಗಂಟು ಬಿಚ್ಚಿದ.

ಒಳಗಿದ್ದದ್ದು ಅವರ ಮದುವೆ ಫೋಟೊ! ಗಾಜು ಸೀಳಿತ್ತು. ಯರ್ರಿಸ್ವಾಮಿಯ ಬದಿಗೆ ಗೆದ್ದಲು ಹತ್ತಿ ಅವನ ಮುಖವೇ ಇರಲಿಲ್ಲ. ಬಾಸಿಂಗ ಕಟ್ಟಿಕೊಂಡ ಗಾಳೆಮ್ಮ ಮಾತ್ರ ನೆಟ್ಟಗೆ ಕಣ್ಣು ಬಿಟ್ಟು ನೋಡುತ್ತಿದ್ದಳು.

"ಗಾಜು ಹಾಕಿಸ್ತೀನಿ, ಹಾಕಿಸ್ತೀನಿ ಅಂತ ವರ್ಷಾನುಗಟ್ಟಲೆ ಹೇಳಿದ್ರಿ. ಬರ್ತಾ ಹೊಸಪೇಟ್ಯಾಗ ನಾನೇ ಹಾಕ್ಸೂಣು ಅಂತ ತಂದಿದ್ದೆ. ನೀವು ಕೈಗೇ ಕೊಡಲಿಲ್ಲ."

"ಹೇಳಬಾರ್ದೇನೇ!"

"ಹೇಳಾಕ ಬಾಯಿ ತೆರೆದಿದ್ದೆ. ನೀವು ಕಣ್ಣು ಮುಚ್ಚಿ ಕೆನ್ನಿ ಬಡ್ಕೊಂತಿದ್ರಿ. ಮದುವಿ ಆದಾಗಿಂದ ನನ್ನ ಮುಂದ ಯಾವತ್ತು ತಪ್ಪಾತು ಅಂದೀರಿ? ಅಪರೂಪಕ್ಕ ಬಂದ ಮಾತು, ಯಾಕ ಕೆಡಸ್ಲಿ ಅಂತ ಸುಮ್ಮನಾದೆ" ಎಂದು ಗಾಳೆಮ್ಮ ಸೆರಗಿನಿಂದ ಫೋಟೊ ಒರೆಸಿದಳು.

ಮರುದಿನವೇ ಫೋಟೊಗೆ ಹೊಸ ಗಾಜು ಬಂತು. ಓಬಣ್ಣನ ಅಯಸ್ಕಾಂತದ ಕೊಕ್ಕೆಯಿಂದ ಅದು ಈಗ ಕಬ್ಬಿಣದ ಬೀರುವಿಗೆ ನೇತಾಡುತ್ತಿದೆ. ಯರ್ರಿಸ್ವಾಮಿ ಆ ಕಡೆ ಕಾಲು ಚಾಚಿ ಮಲಗುವುದನ್ನು ಬಿಟ್ಟಿದ್ದಾನೆ.