ಅರ್ಧರ್ಧ ಔಡಲೆಣ್ಣೆ

ಹೊಟ್ಟೆಯೊಳಗೆ ಏನಿದೆ ಎಂದು ನೋಡಿಸಿಕೊಳ್ಳಲು ಧೈರ್ಯ ಬೇಕು. ನನ್ನಲ್ಲಿ ಅದು ಎಂದೂ ಪೂರಾ ಇರಲಿಲ್ಲ. ಪೂರಾ ಅನ್ನುವುದೇ ನಮ್ಮ ಇಳಕಲ್ಲಿನಲ್ಲಿ ಕಡಿಮೆ. ಇಬ್ಬರು ಹೋಟೆಲ್ಲಿಗೆ ಹೋದರೆ ಒಂದೇ ಚಹಾ. ಕಪ್ಪಿನ ಅರ್ಧ ಒಬ್ಬನಿಗೆ, ಕಪ್ಪಿನ ಕೆಳಗಿನ ಬಸಿಗೆ ಬಗ್ಗಿಸಿದ ಅರ್ಧ ಇನ್ನೊಬ್ಬನಿಗೆ. ಒಬ್ಬನೇ ಕುಡಿಯುವವನನ್ನು ಜನ ಜಿಪುಣನೆಂದೇ ತಿಳಿಯುತ್ತಾರೆ. ಪಕ್ಕದ ಮನೆಯ ನೇಕಾರ ಕಾಸೀಮನೂ ನಾನೂ ಮೀಸೆ ಬರುವ ಮೊದಲಿನಿಂದ ಹೀಗೆಯೇ ಕುಡಿದವರು.

ಎಪ್ಪತ್ತರ ದಶಕದ ಕೊನೆಗೆ, ಸೀರೆ ಅಂಗಡಿಯ ಗಾದಿಯ ಮೇಲೆ ಕೂತು ಕೂತು ನನಗೆ ಹೊಟ್ಟೆನೋವು ಹತ್ತಿತು. ಬಾಗಲಕೋಟೆಯ ಡಾಕ್ಟರು ಒತ್ತಿ ನೋಡಿ, "ಗಂಟಿನಂಗ ಕೈಗೆ ಹತ್ತತೈತಿ. ಕರುಳಿಗೆ ಬಿಳಿ ಔಷಧ ಬಿಟ್ಟು ಎಕ್ಸ್‌ರೇ ತಗೀಬೇಕು. ಹಿಂದಿನ ದಿನ ಸಂಜಿಕೆ ಈ ಔಡಲೆಣ್ಣಿ ಕುಡೀರಿ. ಕರುಳು ಸ್ವಚ್ಛ ಆದ್ರ ಎಲ್ಲಾ ನಿಚ್ಚಳ ಕಾಣತೈತಿ" ಎಂದು ಬಾಟಲಿ ಕೊಟ್ಟರು. ನಮ್ಮಪ್ಪ ಹೋದದ್ದೂ ಹೊಟ್ಟೆಯ ಗಂಟಿನಿಂದಲೇ. ಹೆಂಡತಿ ದೇವರ ಮುಂದೆ ಕೂತವಳು ಏಳಲಿಲ್ಲ. ನನಗಂತೂ ಜೀವ ಬಾಯಿಗೆ ಬಂದಿತ್ತು.

ಸಂಜೆ ಲೋಟಕ್ಕೆ ಎಣ್ಣೆ ಸುರಿದುಕೊಂಡು ಮೂಗು ಹಿಡಿದು ಕೂತೆ. ಆಗ ಕಾಸೀಮ ಬಂದ. ನನ್ನ ಮುಖ ನೋಡಿ ಅವನ ಕಣ್ಣು ತುಂಬಿದವು. "ಒಬ್ಬನ ಹೆಂಗ ಕುಡೀತಿ ಲೇ ಈರಪ್ಪಾ? ನಾ ಸತ್ತೇನೇನು? ತಾ ಇಲ್ಲಿ" ಎಂದು ಬಸಿಗೆ ಅರ್ಧ ಬಗ್ಗಿಸಿಕೊಂಡು ಗಟಗಟ ಕುಡಿದೇಬಿಟ್ಟ. ಅಂಥ ದೋಸ್ತ ಯಾರಿಗಿದ್ದಾನೆ ಹೇಳಿ! ಉಳಿದರ್ಧ ನಾನು ಕುಡಿದೆ.

ಮರುದಿನ ಬಾಗಲಕೋಟೆಯ ಬಸ್ಸಿನಲ್ಲಿ ನನ್ನ ಹೊಟ್ಟೆ ಕಲ್ಲಬಸವನಂತೆ ಅಲ್ಲಾಡದೆ ಕೂತಿತು. ಜೊತೆಗೆ ಹೊರಟ ಕಾಸೀಮ ಮಾತ್ರ ಹುನಗುಂದದಲ್ಲಿ ಇಳಿದ, ಅಮೀನಗಡದಲ್ಲಿ ಇಳಿದ, ಊರೇ ಇಲ್ಲದ ಕಡೆಯಲ್ಲೂ ಬಸ್ಸು ನಿಲ್ಲಿಸಿ ಇಳಿದ. "ನಿಮ್ಮೊಳಗ ಪೇಶಂಟ್ ಯಾರ್ರಿ?" ಎಂದು ಕಂಡಕ್ಟರ್ ಕೇಳಿದ.

ಎಕ್ಸ್‌ರೇ ಎತ್ತಿಹಿಡಿದ ಡಾಕ್ಟರು, "ಬರೇ ಮಬ್ಬು ಕಲಿ ಅದಾವು, ಏನೂ ತಿಳೀವಲ್ದು. ಎಣ್ಣಿ ಪೂರಾ ಕುಡದ್ರೇನ್ರಿ?" ಎಂದರು.

ಕಾಸೀಮ ಎದೆ ಉಬ್ಬಿಸಿ, "ಒಂದ್ ಹನಿ ಉಳಿಸಿಲ್ರಿ ಸಾಹೇಬ್ರ. ಇಬ್ಬರೂ ಕೂಡಿ ಖಾಲಿ ಮಾಡೀವಿ" ಎಂದ.

ಡಾಕ್ಟರು ಇನ್ನೊಂದು ಬಾಟಲಿಯನ್ನು ನನ್ನ ಕೈಗೇ ಕೊಟ್ಟು, "ಇದು ಇವರೊಬ್ಬರಿಗೆ" ಎಂದು ಒತ್ತಿ ಹೇಳಿದರು.

ಎರಡನೆಯ ಸಲ ನಾನೇ ಪೂರಾ ಕುಡಿದೆ. ಕಾಸೀಮ ನನ್ನ ಮೂಗು ಹಿಡಿದ. ಚಿತ್ರ ನಿಚ್ಚಳವಾಗಿ ಬಂತು. ಗಂಟಿರಲಿಲ್ಲ. ಅಂದು ಕೈಗೆ ಹತ್ತಿದ್ದು ಕಟ್ಟಿಕೊಂಡಿದ್ದ ಮಲವಷ್ಟೇ. ಕಾಸೀಮ ಡಾಕ್ಟರನ್ನೇ ಅಪ್ಪಿಕೊಂಡ.

ಹೊರಗೆ ಬಂದು ಹೋಟೆಲ್ಲಿನಲ್ಲಿ ಕೂತೆವು. "ಇವತ್ತರೆ ಪೂರಾ ಚಾ ತಗೊಳ್ಳೋಣೋ" ಎಂದೆ.

"ಪೂರಾ ಕುಡಿಯೂದು ಔಷಧ ಲೇ. ಚಾ ಅರ್ಧಾನ," ಎಂದು ಬಸಿಯನ್ನು ನನ್ನ ಮುಂದೆ ಸರಿಸಿದ. ಇನ್ನೇನು ತುಟಿಗೆ ಹಚ್ಚಬೇಕು, ಉಳಿದಿದ್ದ ಔಡಲೆಣ್ಣೆ ಒಳಗಿನಿಂದ ಕರೆಯಿತು. ಬಸಿಯನ್ನು ಅವನ ಕೈಗೇ ತುರುಕಿ ಓಡಿದೆ. ಕಾಸೀಮ ತನ್ನ ಜನ್ಮದಲ್ಲಿ ಒಬ್ಬನೇ ಪೂರಾ ಚಹಾ ಕುಡಿದದ್ದು ಅಂದೇ.