ಹದಿನಾಲ್ಕು ಪ್ಯಾನೆಲ್ಲುಗಳ ಮೇಲೆ ದಂಡಯಾತ್ರೆ

"ಒಂದು ಪ್ಯಾನೆಲ್ ಬದಲಾಯಿಸೋಕೆ ಮೇಸ್ತ್ರಿ ಯಾಕೆ? ನಾನಿಲ್ವಾ?"

ಈ ಘೋಷಣೆ ನನ್ನ ಬಾಯಿಂದ ಹೊರಟದ್ದು ಶುಕ್ರವಾರ ಸಂಜೆ ಆರು ಗಂಟೆಗೆ, ಅಜ್ಜಂಪುರದ ನಮ್ಮ ಮನೆಯ ಹಾಲ್‌ನಲ್ಲಿ. ಮುಂದೆ ಶಾಸನ ಕೆತ್ತಿಸುವವರಿಗೆ ಅನುಕೂಲವಾಗಲೆಂದು ಸಮಯ ಸಮೇತ ಹೇಳುತ್ತಿದ್ದೇನೆ.

ನಾನು ಭೂಮಾಪಕ. ಊರವರ ಬಾಯಲ್ಲಿ ಸರ್ವೇ ಮೃತ್ಯುಂಜಯ. ಚೌಳಹಿರಿಯೂರಿನಿಂದ ಹಿಡಿದು ತರೀಕೆರೆಯ ಆಚೆಯವರೆಗೆ, ಕುಡುಗೋಲು ಹಿಡಿದು ನಿಂತ ಅಣ್ಣತಮ್ಮಂದಿರ ನಡುವೆ ಎದೆಗುಂದದೆ ನಡೆದು, ಅಂಗುಲವೂ ಅತ್ತಿತ್ತ ಆಗದಂತೆ ಜಮೀನಿನ ಗಡಿ ಹದ್ದುಬಸ್ತು ಮಾಡಿ ಬಂದವನು. ಅಂಥ ವೀರನಿಗೆ ಹತ್ತು ಇಂಚು ಅಗಲದ ಒಂದು ಪ್ಲಾಸ್ಟಿಕ್ ಹಲಗೆ ಯಾವ ಲೆಕ್ಕ?

ಹಲಗೆ ಒಡೆದದ್ದು ಹೇಗೆ ಎಂದು ಕೇಳುತ್ತೀರಿ. ಕುರ್ಚಿಯ ಹಿಂದಿನ ಎರಡೇ ಕಾಲುಗಳ ಮೇಲೆ ತೂಗಾಡುತ್ತಾ ಪೇಪರ್ ಓದುವುದು ನನ್ನ ಇಪ್ಪತ್ತು ವರ್ಷಗಳ ಯೋಗಸಾಧನೆ. ಆ ದಿನ ಯೋಗಭಂಗವಾಯಿತು. ಕುರ್ಚಿ ಹಿಂದಕ್ಕೆ ವಾಲಿ ಗೋಡೆಗೆ ಗುದ್ದಿತು. ಪ್ಯಾನೆಲ್ಲಿನಲ್ಲಿ ತೆಂಗಿನಕಾಯಿ ತೂರುವಷ್ಟು ತೂತು!

ಆ ಗೋಡೆಗೆ ನೆಲದಿಂದ ಸೊಂಟದೆತ್ತರಕ್ಕೆ ಹದಿನಾಲ್ಕು ಪ್ಯಾನೆಲ್ ಹೊಡೆಸಿದವನೂ ನಾನೇ. ಮೂರು ವರ್ಷದ ಹಿಂದೆ ಗೋಡೆಗೆ ಥಂಡಿ ಹಿಡಿದು ಬಣ್ಣ ಹೊಪ್ಪಳೆ ಎದ್ದಿತ್ತು. ರೋಗ ಕಾಣದಿದ್ದರೆ ವಾಸಿಯಾದಂತೆ ಎಂಬ ನನ್ನ ವೈದ್ಯಶಾಸ್ತ್ರದ ಪ್ರಕಾರ ಮುಚ್ಚಿಸಿಬಿಟ್ಟಿದ್ದೆ.

"ರೀ, ನಾಡಿದ್ದು ಭಾನುವಾರ ಹತ್ತು ಗಂಟೆಗೆ ಹನ್ನೊಂದು ಮಕ್ಕಳು ಬರ್ತಾವೆ, ತಾಯಂದಿರೂ ಬರ್ತಾರೆ. ಜ್ಞಾಪಕ ಇದೆ ತಾನೇ?" ಎಂದಳು ನನ್ನ ಹೆಂಡತಿ ತನುಜಾ.

ಜ್ಞಾಪಕ ಇಲ್ಲದೆ ಏನು! ತನುಜಾ ಅದೇ ಹಾಲ್‌ನಲ್ಲಿ ವಚನ ಗಾಯನದ ತರಗತಿ ಶುರು ಮಾಡುವವಳಿದ್ದಳು. ಮದುವೆಗೆ ಮೊದಲು ಮಠದ ಸಭೆಗಳಲ್ಲಿ ಹಾಡಿ ಹೆಸರು ಮಾಡಿದವಳು. ಆದರೆ ಈ ತರಗತಿಯನ್ನು ಮಾತ್ರ "ಈ ವರ್ಷ ಬೇಡ, ಗಂಟಲು ಸರಿಯಿಲ್ಲ" ಎಂದು ಮುಂದಕ್ಕೆ ಹಾಕುತ್ತಲೇ ಬಂದು, ಈಗಷ್ಟೇ ಧೈರ್ಯ ಮಾಡಿದ್ದಳು. ಭಾನುವಾರ ಮುಂದಕ್ಕೆ ಹೋದರೆ ಆ ಧೈರ್ಯ ಮತ್ತೆ ಹುಟ್ಟುವುದು ಅನುಮಾನ.

"ಶನಿವಾರ ಮಧ್ಯಾಹ್ನದೊಳಗೆ ಗೋಡೆ ಕನ್ನಡಿ ಆಗಿರ್ತದೆ!" ಎಂದು ಎದೆ ತಟ್ಟಿದೆ.

"ಕನ್ನಡಿ ಬೇಡ, ಗೋಡೆಯಾಗೇ ಇದ್ರೆ ಸಾಕು" ಎಂದಳು.

ದಂಡಯಾತ್ರೆ ಆರಂಭವಾಯಿತು. ಶತ್ರು ಎಡದಿಂದ ಎಂಟನೆಯವನು. ತೂತಿಗೆ ಕೈ ತೂರಿಸಿ ಎಳೆದೆ. ಬರಲಿಲ್ಲ. ಕಾಲು ಕೊಟ್ಟು ಎಳೆದೆ. ಆಗ ತಿಳಿಯಿತು, ಈ ಪ್ಯಾನೆಲ್ಲುಗಳದ್ದು ಅವಿಭಕ್ತ ಕುಟುಂಬ ಎಂದು! ಒಂದರ ಅಂಚು ಇನ್ನೊಂದರ ಕಿಸೆಯಲ್ಲಿ. ಹಾಕಿದವನು ಎಡಮೂಲೆಯಿಂದ ಹಾಕಿಕೊಂಡು ಹೋಗಿದ್ದರೆ, ತೆಗೆಯುವವನು ಬಲಮೂಲೆಯಿಂದ ಬಿಚ್ಚಿಕೊಂಡು ಬರಬೇಕು. ಇಷ್ಟು ಜ್ಞಾನ ಉದಯವಾಗುವ ಹೊತ್ತಿಗೆ ಎಂಟನೆಯವನು ಏಳು ಮತ್ತು ಒಂಬತ್ತನ್ನು ತಬ್ಬಿಕೊಂಡು "ಲಟಲಟ" ಎಂದು ಪ್ರಾಣ ಬಿಟ್ಟಿದ್ದ. ಸಿಟ್ಟಿನಲ್ಲಿ ಬಲಮೂಲೆಗೆ ಹೋದೆ. ಅದು ಎಡಮೂಲೆ ಎಂದು ಆಮೇಲೆ ಗೊತ್ತಾಯಿತು. ನಾನು ಗೋಡೆಗೆ ಬೆನ್ನು ಹಾಕಿ ನಿಂತು ದಿಕ್ಕು ನಿರ್ಧರಿಸಿದ್ದೆ. ರಾತ್ರಿ ಊಟದ ಹೊತ್ತಿಗೆ ಹದಿನಾಲ್ಕೂ ಪ್ಯಾನೆಲ್ಲುಗಳು ವೀರಮರಣ ಹೊಂದಿದ್ದವು.

"ಒಂದು ಅಂದ್ರಿ?" ಎಂದಳು ತನುಜಾ.

"ಒಂದೇ ಹೊಸದಾದ್ರೆ ಬಣ್ಣ ಹೊಂದಲ್ಲ ಕಣೇ. ಎಲ್ಲಾ ಒಂದೇ ಸಲ ಆಗ್ಬಿಡ್ಲಿ ಅಂತ."

ಇನ್ನು ಅಳತೆ. ಮಾರನೆಯ ದಿನ ಎರಡನೇ ಶನಿವಾರ, ರಜೆ. ನನ್ನ ಟೇಪು ಕಚೇರಿಯ ಬೀರುವಿನಲ್ಲಿ ಸೆರೆಯಾಗಿತ್ತು. ಆದರೆ ಮನೆಯಲ್ಲಿ ಅತ್ತೆ ತೀರ್ಥಮ್ಮನವರಿದ್ದರು. ಮಗಳ ತರಗತಿ ನೋಡಲು ಸಿಂಗಟಗೆರೆಯಿಂದ ಬಂದವರು, ಬರಿಗೈಯಲ್ಲಿ ಬರಬಾರದೆಂದು ಒಂದು ಹೊರೆ ತೆಂಗಿನ ಗರಿಯ ಕಡ್ಡಿ ತಂದು, ಜಗುಲಿಯಲ್ಲಿ ಕುಳಿತು ಪೊರಕೆ ಕಟ್ಟುತ್ತಿದ್ದರು. ಅದರಲ್ಲೇ ಉದ್ದದ್ದೊಂದನ್ನು ಆರಿಸಿ, ಗೋಡೆಗೆ ಹಿಡಿದು, ಪ್ಯಾನೆಲ್ ಇದ್ದ ಗುರುತಿಗೆ ಸರಿಯಾಗಿ ಚಾಕುವಿನಲ್ಲಿ ಕತ್ತರಿಸಿ, ಬಾಗಿಲ ಮೂಲೆಗೆ ಒರಗಿಸಿಟ್ಟೆ. ನಮ್ಮ ಪೂರ್ವಿಕರು ಕೆರೆಕಟ್ಟೆ ಕಟ್ಟಿದ್ದು ಟೇಪು ಹಿಡಿದೇನು?

ಬೆಳಿಗ್ಗೆ ಕಡ್ಡಿ ಹಿಡಿದು ಮೊದಲ ಬಸ್ಸಿಗೆ ತರೀಕೆರೆಗೆ ಹೋದೆ. ಅಂಗಡಿಯ ಬಸವರಾಜಪ್ಪ ಕಡ್ಡಿಯನ್ನು ಮೇಲಿಂದ ಕೆಳಗೆ ನೋಡಿದರು.

"ಏನ್ ಸಾರ್, ಸರ್ವೇ ಇಲಾಖೆಗೆ ಹೊಸ ಮಷಿನ್ ಬಂದಂಗದೆ?"

"ಸಾಧನ ಮುಖ್ಯ ಅಲ್ಲ ಬಸವರಾಜಪ್ಪ, ಅಳತೆ ಮುಖ್ಯ. ಇದರ ಉದ್ದಕ್ಕೆ ಹದಿನಾಲ್ಕು ತುಂಡು."

"ಒಂದೆರಡು ಇಂಚು ಜಾಸ್ತಿ ಬಿಡ್ಲಾ? ಮನೇಲಿ ಕೊರ್ಕೋಬೋದು."

"ಕೂದಲೆಳೆಯಷ್ಟೂ ಬೇಡ! ಅಳತೆ ಮಾಡ್ದೋನು ಯಾರು ಅಂದ್ಕೊಂಡ್ರಿ?"

"ನಿಮ್ಮಿಷ್ಟ ಸಾರ್. ಕಟ್ ಮಾಡಿದ್ಮೇಲೆ ವಾಪಸ್ ತಗೊಳಲ್ಲ" ಎಂದು ಕತ್ತರಿಸಿ ಕೊಟ್ಟರು.

ವಾಪಸು ಬಸ್ಸಿನಲ್ಲಿ ಆ ಕಟ್ಟು ಕಂಡಕ್ಟರನ ಮೊಣಕಾಲಿಗೆ ಎರಡು ಸಲ, ಒಬ್ಬ ಅಜ್ಜಿಯ ಬೆನ್ನಿಗೆ ಒಂದು ಸಲ ತನ್ನ ಪರಿಚಯ ಹೇಳಿಕೊಂಡಿತು. ಮನೆಗೆ ಬಂದವನೇ ಮೊದಲನೆಯದನ್ನು ಗೋಡೆಗೆ ನಿಲ್ಲಿಸಿದೆ. ಹಳೆಯ ಗುರುತಿಗಿಂತ ಒಂದು ಗೇಣು ಕೆಳಗೆ ನಿಂತಿತು! ಎರಡನೆಯದೂ ಗೇಣು ಕೆಳಗೆ. ಹದಿನಾಲ್ಕೂ ಒಗ್ಗಟ್ಟಿನಿಂದ ಗೇಣು ಕೆಳಗೆ! ಇಪ್ಪತ್ತಾರು ವರ್ಷ ಪರರ ಒತ್ತುವರಿ ಹಿಡಿದವನ ಮನೆಯೊಳಗೇ, ಗೋಡೆಯ ಉದ್ದಕ್ಕೂ ಗೇಣು ಒತ್ತುವರಿ!

"ಅತ್ತೆ, ನಿನ್ನೆ ಬಾಗಿಲ ಮೂಲೇಲಿ ಒಂದು ಕಡ್ಡಿ ಇಟ್ಟಿದ್ದೆ..." ಎಂದೆ ಜಗುಲಿಗೆ ಓಡಿ.

"ಅದಾ, ಅಳಿಯಂದ್ರೇ? ಒಳ್ಳೆ ಉದ್ದಕ್ಕೆ ಗಟ್ಟಿಯಾಗಿತ್ತು. ನೀವು ಏಳೋಕ್ ಮುಂಚೇನೇ ಎದ್ದು ಪೊರಕೆಗೆ ಸೇರಿಸಿ ಕಟ್ಟಿದೆ."

"ಮತ್ತೆ ನಾನು ತಗೊಂಡು ಹೋದ ಕಡ್ಡಿ?"

"ನಿಮ್ಗೇನೋ ಬೇಕಿತ್ತೇನೋ ಅಂತ ಅದ್ರ ಜಾಗಕ್ಕೆ ಬ್ಯಾರೇದು ಇಟ್ಟಿದ್ದೆನಲ್ಲ! ನಾನೇನು ಇನ್ನೊಬ್ರ ವಸ್ತು ಸುಮ್ನೆ ತಗೊಳೋಳಾ? ಕಡ್ಡಿಗೆ ಕಡ್ಡಿ!"

ಇಂಥ ಪ್ರಾಮಾಣಿಕತೆಯ ಮೇಲೆ ಯಾವ ಕೋರ್ಟಿನಲ್ಲಿ ದಾವೆ ಹೂಡುವುದು? ನಾನು ನೆಲದ ಮೇಲೆ ಕುಳಿತೆ. ಕುರ್ಚಿಯ ಮೇಲೆ ಕೂರುವ ನೈತಿಕ ಹಕ್ಕು ಉಳಿದಿರಲಿಲ್ಲ. ತನುಜಾ ಬೋಳು ಗೋಡೆಯನ್ನು ನೋಡಿ, "ಹೋಗ್ಲಿ ಬಿಡಿ. ಮುಂದಿನ ವರ್ಷ ಮಾಡಿದ್ರಾಯ್ತು" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತು ಮಾತ್ರ ಪ್ಯಾನೆಲ್ಲಿನ ಮೊಳೆಯಂತೆ ಒಳಗೆ ಇಳಿಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಗಾರೆ ಮೇಸ್ತ್ರಿ ಹಿದಾಯತುಲ್ಲಾ ನಿಂತಿದ್ದರು.

"ನಿಮ್ಮನ್ನ ಯಾರು ಕರೆದಿದ್ದು ಸಾಬ್ರೇ?"

"ಅಕ್ಕಾವ್ರು. ನಿನ್ನೆ ಸಂಜೆ ಆರೂಕಾಲಿಗೆ ಫೋನ್ ಮಾಡಿದ್ರು ಸಾರ್. ಬೇರೆ ಕೆಲ್ಸ ಇದೆ, ಬರೋದು ಅನುಮಾನ ಅಂದಿದ್ದೆ, ಅದು ಬೇಗ ಮುಗೀತು."

ನನ್ನ ಘೋಷಣೆ ಆರಕ್ಕೆ! ಹದಿನೈದು ನಿಮಿಷ ಮಾತ್ರ ನನ್ನ ಮೇಲೆ ಭರವಸೆ ಇಟ್ಟಿದ್ದ ಮಹಾಸಾಧ್ವಿಯ ಕಡೆ ನೋಡಿದೆ. ಆಕೆ ಚಾವಣಿ ನೋಡಿದಳು.

ಹಿದಾಯತುಲ್ಲಾ ಗೋಡೆಯನ್ನು ಬೆರಳಿನಿಂದ ಕೆರೆದರು, ಮೂಸಿದರು. ಹೊರಗೆ ಒಂದು ಸುತ್ತು ಹಾಕಿ ಬಂದರು.

"ಗೋಡೆಗೆ ಆನಿಸಿ ಮಣ್ಣು ಪೇರಿಸಿ ಗುಲಾಬಿ ಹಾಕಿರೋರು ಯಾರು ಸಾರ್?"

"ನಾನೇ. ದಿನಾ ಎರಡು ಬಿಂದಿಗೆ ನೀರು ಹಾಕ್ತೀನಿ" ಎಂದೆ ಹೆಮ್ಮೆಯಿಂದ.

"ಗುಲಾಬಿ ಒಂದು ಬಿಂದಿಗೆ ಕುಡೀತದೆ, ಇನ್ನೊಂದನ್ನ ಗೋಡೆ ಕುಡೀತದೆ. ಇದು ಹಳೇ ಮಣ್ಣಿನ ಗೋಡೆ. ಪಾಪ, ಬೆವರ್ತಾ ಇತ್ತು. ನೀವು ಗಾಳಿ ಬಿಡೋದು ಬಿಟ್ಟು ರೇನ್‌ಕೋಟ್ ತೊಡಿಸಿದ್ರಿ!"

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಕ್ಕಿದ್ದು ಭುಜದಲ್ಲಿ ಗೊತ್ತಾಯಿತು.

"ಪ್ಯಾನೆಲ್ ಎಲ್ಲಾ ಕಿತ್ತಿದ್ದು ಒಳ್ಳೇದಾಯ್ತು. ಮತ್ತೆ ಹಾಕ್ಬೇಡಿ. ಮಣ್ಣು ಸರಿಸಿ, ಒಳಗೆ ಒಂದು ಕೈ ಸುಣ್ಣ ಎಳೀತೀನಿ. ನಾಳೆ ಹೊತ್ತಿಗೆ ಮುಖ ತೊಳ್ದಂಗೆ ಇರ್ತದೆ. ಪೂರ್ತಿ ಆರೋಕೆ ಇನ್ನೊಂದೆರಡು ತಿಂಗ್ಳು ಬೇಕು."

ನನಗೆ ಗುದ್ದಲಿ ಕೊಟ್ಟು ಹೊರಗೆ ಕಳಿಸಿದರು. ಗುಲಾಬಿಗಳನ್ನು ಕಾಂಪೌಂಡಿನ ಬಳಿಗೆ ವಲಸೆ ಕಳಿಸಿ, ಬೆನ್ನು ನೆಟ್ಟಗೆ ಮಾಡುವ ಹೊತ್ತಿಗೆ ಒಳಗಿಂದ ಹಾರ್ಮೋನಿಯಂ ಕೇಳಿಸಿತು. ಆಮೇಲೆ ತನುಜಾಳ ದನಿ. ಬರೀ ಸಾ, ಪಾ, ಮೇಲಿನ ಸಾ. ನಾನು ಗುದ್ದಲಿ ಹಿಡಿದೇ ಒಳಗೆ ಓಡಿದೆ. ಹಸಿ ಸುಣ್ಣದ ಗೋಡೆಯ ಎದುರು ಕುಳಿತಿದ್ದ ಆಕೆಯ ಕಣ್ಣು ಅಗಲವಾಗಿತ್ತು.

"ರೀ, ಝುಂಯ್ ಅನ್ನೋ ಸದ್ದು ಇಲ್ಲ! ಮೂರು ವರ್ಷದಿಂದ ನಾನು ಬಾಯಿ ಬಿಟ್ರೆ ದನಿ ಜೊತೆ ಅದೂ ಬರ್ತಿತ್ತು. ನನ್ನ ಗಂಟ್ಲೇ ಹೋಯ್ತು ಅಂದ್ಕೊಂಡಿದ್ದೆ. ಅದು ಆ ಹಾಳು ಪ್ಯಾನೆಲ್ ಅದುರ್ತಾ ಇದ್ದಿದ್ದು!"

"ನಿನ್ ಗಂಟ್ಲಿಗೆ ಏನಾಗ್ತದೆ ಕಣೇ, ನಾ ಹೆತ್ತಿದ್ದು" ಎಂದರು ಅತ್ತೆ.

ಮೂರು ವರ್ಷ ಹೆಂಡತಿಯ ದನಿಯನ್ನು ಅಡಗಿಸಿದ್ದು ನಾನೇ ಹೊಡೆಸಿದ ಪ್ಲಾಸ್ಟಿಕ್ಕು ಎಂದು ತಿಳಿದ ಮೇಲೆ, ಹೊಸ ಹದಿನಾಲ್ಕನ್ನೂ ಹೊತ್ತು ಹಿತ್ತಿಲಿಗೆ ಹಾಕಿ ಬಂದೆ.

ಭಾನುವಾರ ಹತ್ತು ಗಂಟೆಗೆ ಹನ್ನೊಂದು ಮಕ್ಕಳು ಬಂದವು. ಹಾಡು ಬೀದಿಗೆ ಕೇಳಿಸಿ ಇನ್ನೂ ಮೂರು ಸೇರಿಕೊಂಡವು. ತನುಜಾ ಹಾಡಿದಳು. ಮುಗಿದಾಗ ತಾಯಂದಿರು "ಇನ್ನೊಂದು, ಇನ್ನೊಂದು" ಎಂದು ದುಂಬಾಲು ಬಿದ್ದರು. ನಾನು ಮೂಲೆಯಲ್ಲಿ ಬೆನ್ನಿಗೆ ಮುಲಾಮು ಹಚ್ಚಿಕೊಂಡು, ಈ ವಿಜಯದಲ್ಲಿ ನನ್ನ ಪಾಲೂ ಇದೆಯಲ್ಲ ಎಂದು ನಿಧಾನವಾಗಿ ಎದೆಯುಬ್ಬಿಸತೊಡಗಿದ್ದೆ.

ಹಿಂದಿನ ಬೀದಿಯ ವಿದ್ಯಾಶ್ರೀ ಗೋಡೆ ಮುಟ್ಟಿ ನೋಡಿದರು. "ಎಷ್ಟು ಚೆನ್ನಾಗಿದೆ ತನುಜಕ್ಕ! ನಮ್ಮನೇಲೂ ಪ್ಯಾನೆಲ್ ಹಿಂದೆ ಥಂಡಿ. ಎಲ್ಲಾ ತೆಗೆಸ್ಬೇಕು. ನಿಮ್ಮನೇದು ಯಾರು ಮಾಡಿದ್ದು?"

"ನಮ್ಮನೆಯವರೇ" ಎಂದಳು ತನುಜಾ. ನನ್ನ ಎದೆ ಇನ್ನೂ ಎರಡು ಇಂಚು ಉಬ್ಬಿತು. "ನಾಳೇನೇ ಕಳಿಸ್ತೀನಿ. ಒಂದೇ ಒಂದು ಪ್ಯಾನೆಲ್ ರಿಪೇರಿ ಮಾಡಿ ಅಂತ ಹೇಳು ಸಾಕು, ಪೂರ್ತಿ ಗೋಡೆ ಖಾಲಿ ಮಾಡಿ ಕೊಡ್ತಾರೆ!"